ಕೀಬೋರ್ಡಿನ ನಾದವೂ ಸಮಕಾರಿಯೂ

ಕೋಲಾರದ ಚಿನ್ನದ ಗಣಿ ಪ್ರದೇಶದ ಮುಖ್ಯ ಪೇಟೆಯಾದ ರಾಬರ್ಟ್‌ಸನ್‌ಪೇಟೆಯು ಗಣಿಗಳ ಜೊತೆಯಲ್ಲಿಯೇ ಬೆಳೆದ ಊರು. ಗಣಿ ಕೆಲಸಕ್ಕೆಂದು ನಾನಾ ಸೀಮೆಗಳಿಂದ ಬಂದು ನೆಲೆಸಿದ ಜನರು ತಮ್ಮ ತಮ್ಮ ನುಡಿಗಳೊಂದಿಗೆ ತಮ್ಮ ತಮ್ಮ ಹಾಡುಗಳನ್ನೂ ಇಲ್ಲಿಗೆ ತಂದರು. ೨೦೦೧ರಲ್ಲಿ ಗಣಿಗಳ ಕೆಲಸ ನಿಂತಿತು, ಹಾಡು ನಿಲ್ಲಲಿಲ್ಲ. ಚರ್ಚಿನ ಗಾಯಕವೃಂದ, ದೇವಸ್ಥಾನದ ಭಜನಾಮಂಡಲಿ, ಮದುವೆಯ ವಾದ್ಯಗೋಷ್ಠಿ, ಶಾಲೆಯ ವಾರ್ಷಿಕೋತ್ಸವ ಇವುಗಳಲ್ಲಿ ಹಿಂದೆ ಹಾರ್ಮೋನಿಯಮ್ಮೋ ಪಿಯಾನೋವೋ ಇರುತ್ತಿದ್ದ ಸ್ಥಾನವನ್ನು ಇಂದು ಬಹುಮಟ್ಟಿಗೆ ವಿದ್ಯುನ್ಮಾನ ಕೀಬೋರ್ಡು ಆಕ್ರಮಿಸಿದೆ.

ಈ ವಾದ್ಯವನ್ನು ನುಡಿಸುವ ತರುಣರಿಗೆಲ್ಲ ಪರಿಚಿತವಾದ ಒಂದು ತೊಡಕುಂಟು. ಮನೆಯಲ್ಲಿ ಹೆಡ್‌ಫೋನು ಧರಿಸಿ ನುಡಿಸಿದಾಗ ಇಂಪಾಗಿದ್ದ ನಾದವೇ ಸಭಾಂಗಣದಲ್ಲಿ ಧ್ವನಿವರ್ಧಕದಿಂದ ಹೊರಟಾಗ ಮಂಕಾಗಿಯೋ ಕರ್ಕಶವಾಗಿಯೋ ಕೇಳಿಸುತ್ತದೆ. ಹಾಡುವವರ ಮಾತು ಹಿಂದಿನ ಬೆಂಚುಗಳಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ. ಆಗ ಗಾಯಕರ ಧ್ವನಿಯನ್ನು ಏರಿಸುತ್ತಾರೆ, ತನ್ನದು ಕೇಳದೆಂದು ಕೀಬೋರ್ಡಿನವನೂ ಏರಿಸುತ್ತಾನೆ, ತೊಡಕು ಇಮ್ಮಡಿಯಾಗುತ್ತದೆ. ಕೊನೆಗೆ ವಾದ್ಯವೇ ಕೀಳುದರ್ಜೆಯದೆಂದು ತೀರ್ಮಾನವಾಗುತ್ತದೆ. ಇಲ್ಲಿ ಬೇಕಾಗಿದ್ದುದು ಹೆಚ್ಚು ಧ್ವನಿಯಲ್ಲ, ಧ್ವನಿಯ ಸರಿಯಾದ ಹಂಚಿಕೆ. ಆ ಹಂಚಿಕೆಯನ್ನು ಬದಲಿಸುವ ಸಾಧನಕ್ಕೆ ಈಕ್ವಲೈಜರ್ ಎಂದು ಹೆಸರು. ಈ ಲೇಖನದಲ್ಲಿ ನಾವು ಅದನ್ನು ‘ಸಮಕಾರಿ’ ಎಂದು ಕರೆಯೋಣ. ಅದು ಹೇಗೆ ಕೆಲಸಮಾಡುತ್ತದೆ, ಅದರಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ಕ್ರಮವಾಗಿ ವಿಚಾರಿಸೋಣ.

ನಾದದೊಳಗೆ ಅಡಗಿರುವುದೇನು?

ಯಾವ ಸಂಗೀತನಾದಕ್ಕೂ ಮೂರು ಲಕ್ಷಣಗಳುಂಟು: ಸ್ಥಾಯಿ, ಪ್ರಬಲತೆ, ನಾದಗುಣ. ಗಾಳಿಯ ಕಣಗಳು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತವೆಯೋ ಆ ಸಂಖ್ಯೆಗೆ ಕಂಪನಾಂಕವೆಂದು ಹೆಸರು. ಅದರ ಮಾನ ಹರ್ಟ್ಸ್. ಕಂಪನಾಂಕ ಹೆಚ್ಚಿದಂತೆ ಸ್ಥಾಯಿ ಏರುತ್ತದೆ. ಕಂಪನದ ವಿಸ್ತಾರ ಹೆಚ್ಚಿದಂತೆ ಪ್ರಬಲತೆ ಏರುತ್ತದೆ. ಸ್ಥಾಯಿಯೂ ಪ್ರಬಲತೆಯೂ ಒಂದೇ ಆಗಿದ್ದರೂ ಕೊಳಲಿನ ಷಡ್ಜವನ್ನು ವೀಣೆಯ ಷಡ್ಜದಿಂದ ನಾವು ಬೇರ್ಪಡಿಸಿ ಗುರುತಿಸುತ್ತೇವಲ್ಲವೆ? ಅದಕ್ಕೆ ಕಾರಣ ನಾದಗುಣ.

ನಾದಗುಣದ ಮರ್ಮವು ಉಪಸ್ವರಗಳಲ್ಲಿದೆ. ಕೀಬೋರ್ಡಿನ ನಡುವಿನ ‘ಸಿ’ ಕೀಲಿಯನ್ನು ಒತ್ತಿದಾಗ ಸುಮಾರು ೨೬೨ ಹರ್ಟ್ಸಿನ ಮೂಲಸ್ವರವೊಂದೇ ಹೊರಡುವುದಿಲ್ಲ. ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಅಂದರೆ ೫೨೩, ೭೮೫, ೧,೦೪೭ ಹರ್ಟ್ಸ್ ಮುಂತಾದ ಉಪಸ್ವರಗಳೂ ಜೊತೆಯಲ್ಲಿ ಹೊರಡುತ್ತವೆ. ಆವರ್ತಿಸುವ ಯಾವ ಕಂಪನವನ್ನಾದರೂ ಇಂಥ ಸರಳ ಕಂಪನಗಳ ಮೊತ್ತವಾಗಿ ಬಿಡಿಸಬಹುದೆಂಬ ಗಣಿತವನ್ನು ಫ್ರಾನ್ಸಿನ ಫೂರ್ಯೇ ೧೮೨೨ರಲ್ಲಿ ಪ್ರಕಟಿಸಿದ ತನ್ನ ಉಷ್ಣಶಾಸ್ತ್ರದ ಗ್ರಂಥದಲ್ಲಿ ನಿರೂಪಿಸಿದನು. ನಾದಗುಣವನ್ನು ನಿರ್ಧರಿಸುವುದು ಈ ಉಪಸ್ವರಗಳ ಬಲಾಬಲವೆಂದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ೧೮೬೩ರಲ್ಲಿ ವಿವರಿಸಿದನು. ಕೊಳಲಿನ ನಾದದಲ್ಲಿ ಮೂಲಸ್ವರವೇ ಪ್ರಧಾನ; ಹಾರ್ಮೋನಿಯಮ್ಮಿನ ನಾದದಲ್ಲಿ ಉಪಸ್ವರಗಳ ದೊಡ್ಡ ಪರಿವಾರವೇ ಇರುತ್ತದೆ.

ನಮ್ಮ ನಾಡಿನ ವಾದ್ಯಗಳ ಉಪಸ್ವರಗಳನ್ನು ಆಳವಾಗಿ ಪರಿಶೀಲಿಸಿದವರು ಚಂದ್ರಶೇಖರ ವೆಂಕಟರಾಮನ್ನರು. ಬರಿಯ ಚರ್ಮದ ಹೊದಿಕೆಯ ಉಪಸ್ವರಗಳು ಪೂರ್ಣಾಂಕಗಳ ಅನುಪಾತದಲ್ಲಿರುವುದಿಲ್ಲ; ಮೃದಂಗದ ನಡುವೆ ಹಚ್ಚಿದ ಕರಣೆಯಿಂದ ಅವು ಆ ಅನುಪಾತಕ್ಕೆ ಬರುತ್ತವೆ ಎಂಬ ವಿಷಯವನ್ನು ಅವರು ಬೆಂಗಳೂರಿಗೆ ಬಂದ ಮೇಲೆ, ೧೯೩೪ರಲ್ಲಿ, ವಿಸ್ತಾರವಾಗಿ ಬರೆದರು. ಅದಕ್ಕೂ ಮೊದಲು ೧೯೨೧ರಲ್ಲಿ ತಂಬೂರಿಯ ವಿಷಯವಾಗಿ ಬರೆದಿದ್ದರು. ತಂತಿಯನ್ನು ಮೀಟಿದ ಸ್ಥಾನದ ದೆಸೆಯಿಂದ ಹುಟ್ಟಲೇಬಾರದಾಗಿದ್ದ ಉಪಸ್ವರಗಳೂ ತಂಬೂರಿಯಲ್ಲಿ ಕೇಳಿಬರುತ್ತವೆ; ಅಗಲವಾದ ಕುದುರೆಯೂ ಅದರ ಮೇಲೆ ತಂತಿಗೆ ಕೆಳಗಿಡುವ ಜೀವಾಳದ ಎಳೆಯೂ ಅವನ್ನು ಹುಟ್ಟಿಸುತ್ತವೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಏಕೆಂದರೆ ಜೀವಾಳವು ಮಾಡುವ ಕೆಲಸವನ್ನು ಸಮಕಾರಿಯು ಮಾಡಲಾರದು.

ಸಮಕಾರಿಯ ಎಲ್ಲೆ

ದೂರವಾಣಿಯ ಆರಂಭದ ಕಾಲದಲ್ಲಿ ಉದ್ದವಾದ ತಂತಿಗಳಲ್ಲಿ ಸಾಗಿದ ಮಾತಿನ ಮೇಲಿನ ಕಂಪನಾಂಕಗಳು ಕೆಳಗಿನವುಗಳಿಗಿಂತ ಹೆಚ್ಚು ಕುಂದುತ್ತಿದ್ದವು. ಎಲ್ಲ ಭಾಗಗಳನ್ನೂ ಮತ್ತೆ ಸಮಕ್ಕೆ ತರಲು ಎಂಜಿನಿಯರುಗಳು ರೂಪಿಸಿದ ವಿದ್ಯುನ್ಮಂಡಲಗಳಿಗೆ ಆ ಕಾರಣದಿಂದಲೇ ಈ ಹೆಸರು ಬಂತು. ಇಂದಿಗೂ ಸಮಕಾರಿಯ ಕೆಲಸ ಇಷ್ಟೇ: ಒಳಗೆ ಬಂದ ನಾದದ ಕೆಲವು ಕಂಪನಾಂಕಗಳನ್ನು ತಗ್ಗಿಸುವುದು, ಕೆಲವನ್ನು ಎತ್ತುವುದು. ಬಾರದೆ ಇದ್ದುದನ್ನು ಅದು ಸೃಷ್ಟಿಸುವುದಿಲ್ಲ. ಕೊಳಲಿನಂಥ ನಾದವನ್ನು ಆರಿಸಿ ೮,೦೦೦ ಹರ್ಟ್ಸನ್ನು ಎಷ್ಟು ಎತ್ತಿದರೂ ಅದು ವಯೊಲಿನ್ ಆಗದು. ಅಲ್ಲಿದ್ದ ಸುಯ್ಲು ಮಾತ್ರ ಹೆಚ್ಚುತ್ತದೆ. ಅದಿರಿನಲ್ಲಿಲ್ಲದ ಚಿನ್ನವನ್ನು ಗಿರಣಿ ಕೊಡಲಾರದೆಂಬುದು ಚಿನ್ನದ ಗಣಿಯ ಊರಿನವರಿಗೆ ಹೇಳಿಕೊಡಬೇಕಾದ ಮಾತಲ್ಲ.

ತೆಗೆದುಹಾಕುವುದರಿಂದಲೇ ಬೇಕಾದುದನ್ನು ಪಡೆಯುವ ವಿಧಾನಕ್ಕೆ ಇದೇ ಊರಿನ ನೆಲದಲ್ಲಿ ಘನವಾದ ನಿದರ್ಶನವಿದೆ. ಚಾಂಪಿಯನ್ ರೀಫ್ ಗಣಿಯಲ್ಲಿ, ೨ ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಜ್ಞಾನಿಗಳೊಡನೆ ಸೇರಿ ೧೯೬೫ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಕುರುಹನ್ನು ಗುರುತಿಸಿದರು. ಆ ಕ್ಷೀಣವಾದ ಕುರುಹು ಭೂಮಿಯ ಮೇಲೆಯೂ ಇತ್ತು. ಆದರೆ ಇತರ ವಿಶ್ವಕಿರಣಗಳ ಮಳೆಯಲ್ಲಿ ಮುಚ್ಚಿಹೋಗಿತ್ತು. ಮೇಲಿನ ಬಂಡೆಯು ಆ ಮಳೆಯನ್ನು ತಡೆದುದರಿಂದ ನ್ಯೂಟ್ರಿನೋ ಕಾಣಿಸಿತು. ಬಂಡೆ ಅದನ್ನು ಬಲಪಡಿಸಲಿಲ್ಲ. ಅದಕ್ಕೆ ಅಡ್ಡವಾಗಿದ್ದುದನ್ನು ಸೋಸಿತು. ಹಾಡುವವರ ಮಾತಿನ ವಿಷಯದಲ್ಲಿಯೂ ಸಮಕಾರಿಯಿಂದ ನಾವು ಮಾಡಿಸಬೇಕಾದುದು ಬಹುಮಟ್ಟಿಗೆ ಈ ಬಗೆಯ ಕೆಲಸ.

ಮೂರು ಬಗೆಗಳು

ಸರಳವಾದ ಸಮಕಾರಿಯಲ್ಲಿ ಎರಡೇ ತಿರುಪುಗಳು: ಒಂದು ಮಂದ್ರಕ್ಕೆ, ಒಂದು ತಾರಕ್ಕೆ. ಇಂಗ್ಲೆಂಡಿನ ಪೀಟರ್ ಬ್ಯಾಕ್ಸಂಡಾಲ್ ೧೯೫೨ರಲ್ಲಿ ಪ್ರಕಟಿಸಿದ ವಿದ್ಯುನ್ಮಂಡಲವು ಈ ಬಗೆಯಲ್ಲಿ ಸುಪ್ರಸಿದ್ಧವಾಗಿ ಅಸಂಖ್ಯ ಆಂಪ್ಲಿಫೈಯರುಗಳಲ್ಲಿ ಸೇರಿಹೋಯಿತು. ಇದರಲ್ಲಿ ಮಂದ್ರವನ್ನು ತಗ್ಗಿಸಿದರೆ ಒಂದು ಎಲ್ಲೆಯಿಂದ ಕೆಳಗಿನ ಭಾಗವೆಲ್ಲ ಒಟ್ಟಾಗಿ ತಗ್ಗುತ್ತದೆ.

ಎರಡನೆಯದು ಗ್ರಾಫಿಕ್ ಸಮಕಾರಿ. ಇದರಲ್ಲಿ ಜಾರುವ ಗುಂಡಿಗಳ ಒಂದು ಸಾಲಿರುತ್ತದೆ. ಹತ್ತು ಗುಂಡಿಗಳ ಸಮಕಾರಿಯಲ್ಲಿ ಅವು ಸಾಮಾನ್ಯವಾಗಿ ೩೧.೫, ೬೩, ೧೨೫, ೨೫೦, ೫೦೦, ೧,೦೦೦, ೨,೦೦೦, ೪,೦೦೦, ೮,೦೦೦, ೧೬,೦೦೦ ಹರ್ಟ್ಸುಗಳಿಗೆ ಸೇರಿದವು. ಪ್ರತಿಯೊಂದೂ ಹಿಂದಿನದರ ಇಮ್ಮಡಿಯಾದುದರಿಂದ ಒಂದೊಂದು ಗುಂಡಿಯೂ ಒಂದೊಂದು ಸಪ್ತಕವನ್ನು ಆಳುತ್ತದೆ ಎನ್ನಬಹುದು. ಗುಂಡಿಗಳ ಸಾಲನ್ನು ನೋಡಿದರೆ ಹಂಚಿಕೆಯ ನಕ್ಷೆಯೇ ಕಣ್ಣಿಗೆ ಕಾಣುತ್ತದೆ.

ಮೂರನೆಯದು ಪ್ಯಾರಾಮೆಟ್ರಿಕ್ ಸಮಕಾರಿ. ಅಮೆರಿಕದ ಜಾರ್ಜ್ ಮ್ಯಾಸೆನ್‌ಬರ್ಗ್ ೧೯೭೨ರಲ್ಲಿ ಇದರ ಬಗೆಗೆ ಪ್ರಬಂಧವನ್ನು ಮಂಡಿಸಿದನು. ಇದರಲ್ಲಿ ಯಾವ ಕಂಪನಾಂಕವನ್ನು ಮುಟ್ಟಬೇಕು, ಎಷ್ಟು ಎತ್ತಬೇಕು ಅಥವಾ ತಗ್ಗಿಸಬೇಕು, ಎಷ್ಟು ಅಗಲವಾಗಿ ಎಂಬ ಮೂರನ್ನೂ ನಾವೇ ಗೊತ್ತುಮಾಡಬಹುದು. ಅಗಲವನ್ನು ‘ಕ್ಯೂ’ ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ನಡುವಿನ ಕಂಪನಾಂಕವನ್ನು ಪಟ್ಟೆಯ ಅಗಲದಿಂದ ಭಾಗಿಸಿದರೆ ಕ್ಯೂ ದೊರೆಯುತ್ತದೆ. ನಡುಬಿಂದು ೧,೦೦೦ ಹರ್ಟ್ಸ್, ಅಗಲ ೫೦೦ ಹರ್ಟ್ಸ್ ಆದರೆ ಕ್ಯೂ ೨. ಕ್ಯೂ ಹೆಚ್ಚಿದಂತೆ ಪಟ್ಟೆ ಕಿರಿದಾಗುತ್ತದೆ.

ಡೆಸಿಬೆಲ್ಲಿನ ಲೆಕ್ಕ

ಗುಂಡಿಗಳ ಪಕ್ಕದಲ್ಲಿರುವ ಅಂಕೆಗಳು ಡೆಸಿಬೆಲ್ಲುಗಳು. ಇದು ಕೂಡುವ ಮಾನವಲ್ಲ, ಅನುಪಾತದ ಮಾನ. ೩ ಡೆಸಿಬೆಲ್ ಎತ್ತಿದರೆ ಆಂಪ್ಲಿಫೈಯರು ಆ ಪಟ್ಟೆಗೆ ಕೊಡಬೇಕಾದ ಶಕ್ತಿ ಸುಮಾರು ಎರಡರಷ್ಟಾಗುತ್ತದೆ. ೬ ಎತ್ತಿದರೆ ನಾಲ್ಕರಷ್ಟು. ೧೨ ಎತ್ತಿದರೆ ಸುಮಾರು ಹದಿನಾರರಷ್ಟು. ೨೦ ವಾಟಿನ ಆಂಪ್ಲಿಫೈಯರು ಒಂದು ಪಟ್ಟೆಗೆ ೨ ವಾಟ್ ಕೊಡುತ್ತಿದೆಯೆಂದು ಭಾವಿಸೋಣ. ಆ ಪಟ್ಟೆಯ ಗುಂಡಿಯನ್ನು ೧೨ಕ್ಕೆ ಏರಿಸಿದರೆ ಬೇಕಾಗುವುದು ೩೨ ವಾಟ್. ಇಲ್ಲದ ಶಕ್ತಿಯನ್ನು ಯಂತ್ರ ಎಲ್ಲಿಂದ ತಂದೀತು? ಅಲೆಗಳ ನೆತ್ತಿಯನ್ನು ಅದು ಕತ್ತರಿಸಿಬಿಡುತ್ತದೆ. ಹೀಗೆ ಮೊಟಕಾದ ಅಲೆಯಲ್ಲಿ ಮೂಲದಲ್ಲಿಲ್ಲದ ಕರ್ಕಶವಾದ ಹೊಸ ಉಪಸ್ವರಗಳು ಹುಟ್ಟುತ್ತವೆ. ಧ್ವನಿವರ್ಧಕಕ್ಕೂ ಅಪಾಯ ತಟ್ಟಬಹುದು. ತಗ್ಗಿಸುವುದರಲ್ಲಿ ಈ ಅಪಾಯವಿಲ್ಲ. ಆದಕಾರಣ ‘ಮೊದಲು ತಗ್ಗಿಸು, ಆಮೇಲೆ ಅಗತ್ಯವಿದ್ದರೆ ಎತ್ತು’ ಎಂಬುದು ಈ ವಿದ್ಯೆಯ ಮೊದಲನೆಯ ಸೂತ್ರ.

ಕೂಡಿ ಭಾಗಿಸುವ ಸೋಸಣಿಗೆ

ಹಿಂದಿನ ಸಮಕಾರಿಗಳು ರೋಧಕ, ಧಾರಕ, ತಂತಿಯ ಸುರುಳಿಗಳಿಂದ ಆದವು. ಧಾರಕವು ಮೇಲಿನ ಕಂಪನಾಂಕಗಳಿಗೆ ಸುಲಭವಾಗಿ ದಾರಿಬಿಡುತ್ತದೆ. ಸುರುಳಿಯು ಅವನ್ನು ತಡೆಯುತ್ತದೆ. ಇಂದಿನ ಕೀಬೋರ್ಡುಗಳಲ್ಲಿ ಇದೇ ಕೆಲಸ ಅಂಕಗಣಿತದಿಂದ ನಡೆಯುತ್ತದೆ. ನಾದದ ಅಲೆಯನ್ನು ಸೆಕೆಂಡಿಗೆ ೪೪,೧೦೦ ಸಲ ಅಳೆದು ಬರೆದ ಸಂಖ್ಯೆಗಳ ಸಾಲು ಯಂತ್ರದೊಳಗಿರುತ್ತದೆ. ಪ್ರತಿಯೊಂದು ಸಂಖ್ಯೆಯ ಸ್ಥಾನದಲ್ಲಿ ಅದರದೂ ಅದರ ಹಿಂದಿನದರದೂ ಸರಾಸರಿಯನ್ನು ಬರೆಯುತ್ತ ಹೋದರೆ ಏನಾಗುತ್ತದೆಂದು ನೋಡಿ. ನಿಧಾನವಾಗಿ ಬದಲಾಗುವ ಮಂದ್ರದ ಅಲೆಯಲ್ಲಿ ನೆರೆಯ ಸಂಖ್ಯೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ: ೪, ೪, ೪, ೪. ಅವುಗಳ ಸರಾಸರಿಯೂ ೪. ಅತಿವೇಗವಾಗಿ ಹೊರಳುವ ತಾರದ ಅಲೆಯಲ್ಲಾದರೋ ಸಂಖ್ಯೆಗಳು ೪, -೪, ೪, -೪ ಎಂದಿರುತ್ತವೆ. ಅವುಗಳ ಸರಾಸರಿ ಸೊನ್ನೆ! ಮಂದ್ರವು ಹಾಗೆಯೇ ಉಳಿಯಿತು, ತಾರವು ಅಳಿಯಿತು. ಕೂಡುವುದು, ಎರಡರಿಂದ ಭಾಗಿಸುವುದು ಇಷ್ಟರಿಂದಲೇ ಒಂದು ಸೋಸಣಿಗೆ ಸಿದ್ಧವಾಯಿತು. ಕೀಬೋರ್ಡಿನೊಳಗಿನ ಸಮಕಾರಿಯು ಇದರ ವಿಸ್ತಾರವಾದ ರೂಪವೇ ಹೊರತು ಬೇರೆಯಲ್ಲ.

ನಾದದ ಭೂಪಟ

ಸಮಕಾರಿಯನ್ನು ಬಳಸುವವನಿಗೆ ಯಾವ ಗುಣ ಯಾವ ಕಂಪನಾಂಕದಲ್ಲಿ ವಾಸಿಸುತ್ತದೆಯೆಂಬ ಜ್ಞಾನ ಅವಶ್ಯ. ೬೧ ಕೀಲಿಗಳ ಕೀಬೋರ್ಡಿನ ಮೂಲಸ್ವರಗಳು ಸಾಮಾನ್ಯವಾಗಿ ೬೫ ಹರ್ಟ್ಸಿನಿಂದ ೨,೦೯೩ ಹರ್ಟ್ಸಿನವರೆಗೆ ಹಬ್ಬಿವೆ. ಉಪಸ್ವರಗಳಾದರೋ ೧೦,೦೦೦ ಹರ್ಟ್ಸನ್ನೂ ದಾಟುತ್ತವೆ.

೪೦ ಹರ್ಟ್ಸಿಗೆ ಕೆಳಗೆ ಇಂಥ ಕೀಬೋರ್ಡಿನ ನಾದಕ್ಕೆ ಸೇರಿದ್ದು ಇಲ್ಲವೆಂದೇ ಹೇಳಬಹುದು. ಅಲ್ಲಿರುವುದು ವೇದಿಕೆಯ ಅದುರುವಿಕೆ, ಕಾಲಿನ ಸಪ್ಪಳ. ಇದನ್ನು ನಿಸ್ಸಂಕೋಚವಾಗಿ ಕತ್ತರಿಸಬಹುದು. ೫೦ ಮತ್ತು ೧೦೦ ಹರ್ಟ್ಸುಗಳಲ್ಲಿ ಕೆಲವೊಮ್ಮೆ ಎಡೆಬಿಡದ ಗುಂಯ್‌ಗುಟ್ಟುವಿಕೆ ಕೇಳುವುದುಂಟು. ಅದು ವಾದ್ಯದ್ದಲ್ಲ, ವಿದ್ಯುತ್ತಿನದು. ಶಿವನಸಮುದ್ರದ ಜಲವಿದ್ಯುತ್ತು ೧೯೦೨ರಲ್ಲಿ ಮೊತ್ತಮೊದಲು ಹರಿದುಬಂದದ್ದು ಈ ಚಿನ್ನದ ಗಣಿಗಳಿಗೇ. ಇಂದು ನಮ್ಮ ದೇಶದ ವಿದ್ಯುಜ್ಜಾಲವೆಲ್ಲ ಸೆಕೆಂಡಿಗೆ ೫೦ ಆವರ್ತಗಳಲ್ಲಿ ನಡೆಯುತ್ತದೆ. ಈ ಸದ್ದಿಗೆ ಮೊದಲ ಮದ್ದು ಒಳ್ಳೆಯ ಭೂಸಂಪರ್ಕ ಮತ್ತು ಒಳ್ಳೆಯ ತಂತಿ. ಸಮಕಾರಿ ಆಮೇಲಿನ ಮಾತು.

೬೦ರಿಂದ ೧೫೦ರವರೆಗೆ ನಾದದ ತೂಕವಿದೆ. ಕೀಬೋರ್ಡಿನೊಳಗಿನ ಪುಟ್ಟ ಧ್ವನಿವರ್ಧಕಗಳು ಈ ಭಾಗವನ್ನು ಸರಿಯಾಗಿ ಹೊರಡಿಸಲಾರವು. ಉಪಸ್ವರಗಳ ಅಂತರದಿಂದ ಇಲ್ಲದ ಮೂಲಸ್ವರವನ್ನು ನಮ್ಮ ಕಿವಿಯೂ ಮಿದುಳೂ ಊಹಿಸಿಕೊಳ್ಳುವುದರಿಂದ ಕೆಳಗಿನ ಕೀಲಿಗಳ ಸ್ವರ ನಮಗೆ ತಿಳಿಯುತ್ತದೆ. ಅಂಥಲ್ಲಿ ೬೩ರ ಗುಂಡಿಯನ್ನು ಎತ್ತಿದರೆ ಶಕ್ತಿ ವ್ಯರ್ಥವಾಗುವುದೇ ಹೊರತು ನಾದ ತುಂಬದು.

೨೦೦ರಿಂದ ೫೦೦ರವರೆಗಿನ ಭಾಗ ಅತ್ಯಂತ ಜನನಿಬಿಡವಾದದ್ದು. ಎಡಗೈಯ ಸ್ವರಮೇಳ, ಬಲಗೈಯ ಕೆಳಭಾಗ, ಹಾಡುವವರ ಕಂಠ ಎಲ್ಲವೂ ಇಲ್ಲಿ ಕೂಡುತ್ತವೆ. ಈ ಭಾಗ ಹಿತವಾಗಿದ್ದರೆ ನಾದಕ್ಕೆ ಬೆಚ್ಚನೆಯ ಗುಣ, ಮಿತಿಮೀರಿದರೆ ಕೆಸರು. ೧,೦೦೦ದಿಂದ ೪,೦೦೦ದವರೆಗೆ ಸ್ಪಷ್ಟತೆ ನೆಲೆಸಿದೆ. ಮನುಷ್ಯನ ಕಿವಿ ೩,೦೦೦ದಿಂದ ೪,೦೦೦ದ ಆಸುಪಾಸಿನಲ್ಲಿ ಅತ್ಯಂತ ಸೂಕ್ಷ್ಮವಾಗಿರುವುದರಿಂದ ಇಲ್ಲಿ ಸ್ವಲ್ಪ ಎತ್ತಿದರೂ ಬಹಳವಾಗಿ ಚುಚ್ಚುತ್ತದೆ. ೫,೦೦೦ದಿಂದ ಮೇಲೆ ಹೊಳಪು, ತಂತಿಯ ಗೀರು, ಸಕಾರಗಳ ಸುಯ್ಲು.

ಮಾತನ್ನು ಮುಸುಕುವ ನಾದ

ಹಾಡಿನ ಮಾತು ಏಕೆ ತಿಳಿಯುವುದಿಲ್ಲವೆಂಬ ಪ್ರಶ್ನೆಗೆ ಈಗ ಬರೋಣ. ಕಾಲು, ಹಾಲು, ಪಾಲು, ಸಾಲು ಎಂಬ ಶಬ್ದಗಳನ್ನು ಉಚ್ಚರಿಸಿ ನೋಡಿ. ‘ಆಲು’ ಎಂಬ ಭಾಗ ನಾಲ್ಕಕ್ಕೂ ಸಮಾನ. ಅರ್ಥವನ್ನು ಬೇರ್ಪಡಿಸುವುದು ಮೊದಲಿನ ವ್ಯಂಜನವೊಂದೇ. ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಕಂಪನಾಂಕಗಳಲ್ಲಿ ದೊಡ್ಡದಾಗಿ ಇರುತ್ತದೆ. ಇಂಥ ವ್ಯಂಜನಗಳ ಗುರುತಾದರೋ ಬಹುಪಾಲು ೨,೦೦೦ ಹರ್ಟ್ಸಿನಿಂದ ಮೇಲೆ, ಅತಿ ಕ್ಷೀಣವಾಗಿ ಇರುತ್ತದೆ. ಅದು ಮುಚ್ಚಿಹೋದರೆ ರಾಗ ಕೇಳುತ್ತದೆ, ಮಾತು ಕೇಳುವುದಿಲ್ಲ.

ಮುಚ್ಚುವುದು ಯಾವುದು? ಒಳಕಿವಿಯಲ್ಲಿ ಶಂಖಾಕಾರದ ನಾಳವೊಂದುಂಟು. ಅದರೊಳಗಿನ ಪೊರೆಯು ಬುಡದಲ್ಲಿ ಮೇಲಿನ ಕಂಪನಾಂಕಗಳಿಗೂ ತುದಿಯಲ್ಲಿ ಕೆಳಗಿನ ಕಂಪನಾಂಕಗಳಿಗೂ ಹೆಚ್ಚಾಗಿ ಸ್ಪಂದಿಸುತ್ತದೆ. ಈ ಪೊರೆಯ ಮೇಲೆ ಅಲೆಗಳು ಸಾಗುವ ರೀತಿಯನ್ನು ಕಂಡುಹಿಡಿದುದಕ್ಕಾಗಿ ಬೆಕೆಶಿ ಎಂಬ ವಿಜ್ಞಾನಿಗೆ ೧೯೬೧ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮಂದ್ರದ ಅಲೆಯು ತುದಿಯನ್ನು ಸೇರಬೇಕಾದರೆ ಬುಡದ ಮೂಲಕವೇ ಹಾದುಹೋಗಬೇಕು. ಹೋಗುವಾಗ ಅಲ್ಲಿಯೂ ಕಲಕುತ್ತದೆ. ತಾರದ ಅಲೆಯಾದರೋ ಬುಡದಲ್ಲಿಯೇ ಅಡಗುತ್ತದೆ; ತುದಿಯನ್ನು ಮುಟ್ಟುವುದಿಲ್ಲ. ಆದುದರಿಂದ ಪ್ರಬಲವಾದ ಮಂದ್ರಧ್ವನಿಯು ತಾರಧ್ವನಿಯನ್ನು ಮುಸುಕುವಷ್ಟು ಸುಲಭವಾಗಿ ತಾರವು ಮಂದ್ರವನ್ನು ಮುಸುಕಲಾರದು. ಎಡಗೈಯ ದಪ್ಪ ಸ್ವರಮೇಳದಿಂದ ಗಾಯಕಿಯ ತಕಾರ, ಸಕಾರಗಳು ಏಕೆ ಮಾಯವಾಗುತ್ತವೆಯೆಂಬುದು ಇದರಿಂದ ವಿಶದವಾಗುತ್ತದೆ.

ಈ ವಿಷಯ ರಾಬರ್ಟ್‌ಸನ್‌ಪೇಟೆಯಂಥ ಊರಿನಲ್ಲಿ ವಿಶೇಷವಾದ ಗಮನಕ್ಕೆ ಅರ್ಹವಾಗಿದೆ. ಬಂಡೆಯನ್ನು ಕೊರೆಯುವ ಯಂತ್ರಗಳ ಬಳಿ ವರ್ಷಗಟ್ಟಲೆ ದುಡಿದವರ ಕಿವಿ ಮೊದಲು ಸವೆಯುವುದು ೪,೦೦೦ ಹರ್ಟ್ಸಿನ ಸುತ್ತಮುತ್ತ, ಅಂದರೆ ವ್ಯಂಜನಗಳ ನೆಲೆಯಲ್ಲಿ. ಅಂಥ ಹಿರಿಯರಿಗೆ ಹಾಡು ಕೇಳುತ್ತದೆ, ಪದ ತಿಳಿಯುವುದಿಲ್ಲ. ಅವರಿಗಾಗಿ ೪,೦೦೦ದ ಗುಂಡಿಯನ್ನು ಎತ್ತೋಣವೆಂದು ತೋರಬಹುದು. ಆದರೆ ಸವೆದ ಕಿವಿಗೆ ಸಣ್ಣ ಧ್ವನಿ ಕೇಳಿಸದಿದ್ದರೂ ದೊಡ್ಡ ಧ್ವನಿ ಥಟ್ಟನೆ ಸಹಿಸಲಾಗದಷ್ಟಾಗುತ್ತದೆ. ಉಳಿದ ಶ್ರವಣಶಕ್ತಿಗೆ ಅಡ್ಡಿಯಾಗಿರುವುದನ್ನು ಕೀಬೋರ್ಡಿನಲ್ಲಿ ತಗ್ಗಿಸುವುದೇ ಸರಿಯಾದ ಉಪಾಯ. ೩೦೦ ಹರ್ಟ್ಸಿನ ಬಳಿ ೩ರಿಂದ ೪ ಡೆಸಿಬೆಲ್ ಅಗಲವಾಗಿ ತಗ್ಗಿಸಿ, ೨,೫೦೦ ಹರ್ಟ್ಸಿನ ಬಳಿ ೨ರಿಂದ ೩ ಡೆಸಿಬೆಲ್ ತಗ್ಗಿಸಿದರೆ ಗಾಯಕಿಯ ಧ್ವನಿಯನ್ನು ಏರಿಸದೆಯೇ ಪದಗಳು ಹೊರಬರುವುದನ್ನು ಕಾಣಬಹುದು. ಈ ಅಂಕೆಗಳು ಆರಂಭಕ್ಕೆ ಮಾತ್ರ. ಕಡೆಯ ತೀರ್ಮಾನ ಕಿವಿಯದು. ಎಡಗೈಯಲ್ಲಿ ಮೂರು ಸ್ವರಗಳ ಬದಲು ಒಂದನ್ನೇ ನುಡಿಸಿದರೂ, ಮೇಳವನ್ನು ಒಂದು ಸಪ್ತಕ ಮೇಲಕ್ಕೆ ಒಯ್ದರೂ ಇದೇ ಫಲ ದೊರೆಯುತ್ತದೆ. ಬೆರಳುಗಳೇ ಮೊದಲನೆಯ ಸಮಕಾರಿ.

ನುಡಿಸುವವರ ಕಿವಿಯ ರಕ್ಷಣೆಯೂ ಮುಖ್ಯ. ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ ೮೫ ಡೆಸಿಬೆಲ್ ಮಟ್ಟದ ಶಬ್ದದಲ್ಲಿ ದಿನಕ್ಕೆ ೮ ಗಂಟೆ ಇರಬಹುದು. ಪ್ರತಿ ೩ ಡೆಸಿಬೆಲ್ ಹೆಚ್ಚಿದಂತೆ ಈ ಕಾಲ ಅರ್ಧವಾಗುತ್ತದೆ. ಈ ಲೆಕ್ಕದಲ್ಲಿ ೧೦೦ ಡೆಸಿಬೆಲ್ಲಿಗೆ ದೊರೆಯುವುದು ಕೇವಲ ೧೫ ನಿಮಿಷ. ಕಳೆದುಹೋದ ಶ್ರವಣವನ್ನು ಯಾವ ಸಮಕಾರಿಯೂ ಮರಳಿ ತಾರದು.

ಕೋಣೆಯ ಪಾತ್ರ

ಹೆಡ್‌ಫೋನಿನಲ್ಲಿ ಇಲ್ಲದ ಒಂದು ವಾದ್ಯ ಸಭಾಂಗಣದಲ್ಲಿರುತ್ತದೆ: ಅದು ಕೋಣೆಯೇ. ೨೫ ಡಿಗ್ರಿ ಸೆಲ್ಸಿಯಸ್ಸಿನ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೩೪೬ ಮೀಟರ್. (ನಮ್ಮ ಪ್ರಸ್ಥಭೂಮಿ ಎತ್ತರದಲ್ಲಿರುವುದರಿಂದ ಈ ವೇಗ ಬದಲಾಗುವುದೆಂದು ತಿಳಿಯಬಾರದು, ಅದನ್ನು ನಿರ್ಧರಿಸುವುದು ಉಷ್ಣತೆಯೇ ಹೊರತು ಗಾಳಿಯ ಒತ್ತಡವಲ್ಲ.) ೫ ಮೀಟರ್ ಅಂತರದಲ್ಲಿ ಎದುರುಬದುರಾದ ಗೋಡೆಗಳ ನಡುವೆ ೩೪೬ನ್ನು ೧೦ರಿಂದ ಭಾಗಿಸಿದ ೩೪.೬ ಹರ್ಟ್ಸಿಗೂ ಅದರ ಇಮ್ಮಡಿ, ಮುಮ್ಮಡಿಗಳಿಗೂ ಅನುರಣನ ಉಂಟಾಗುತ್ತದೆ. ಇಮ್ಮಡಿಯಾದ ೬೯.೨ ಹರ್ಟ್ಸು ೬೧ ಕೀಲಿಗಳ ಕೀಬೋರ್ಡಿನ ಎಡತುದಿಯ ಕರಿಯ ಕೀಲಿಯ ಸ್ವರಕ್ಕೆ ಬಹಳ ಸಮೀಪ. ಆದಕಾರಣ ಆ ಒಂದು ಕೀಲಿ ಮಾತ್ರ ಗುಡುಗಿದಂತೆ ಕೇಳುತ್ತದೆ. ಪ್ಯಾರಾಮೆಟ್ರಿಕ್ ಸಮಕಾರಿಯಿಂದ ಆ ಒಂದೇ ಕಂಪನಾಂಕವನ್ನು ಕಿರಿದಾಗಿ ತಗ್ಗಿಸಬಹುದು. ಆದರೆ ಅದೇ ಕೋಣೆಯಲ್ಲಿ ಅದೇ ಸ್ವರ ಕೇಳದಂತಾಗುವ ಸ್ಥಾನಗಳೂ ಇರುತ್ತವೆ. ಅಲ್ಲಿ ಎದುರುಬದುರಿನ ಅಲೆಗಳು ಒಂದನ್ನೊಂದು ಅಳಿಸುತ್ತವೆ. ಆ ಕುಳಿಯನ್ನು ಎತ್ತುವುದರಿಂದ ತುಂಬಲಾಗದು; ಎಷ್ಟು ಎತ್ತಿದರೂ ಎರಡು ಅಲೆಗಳೂ ಸಮನಾಗಿ ಹೆಚ್ಚಿ ಮತ್ತೆ ಅಳಿಯುತ್ತವೆ.

ಧ್ವನಿವರ್ಧಕವನ್ನು ಮೂಲೆಯಲ್ಲಿಟ್ಟರೆ ಮಂದ್ರ ಉಬ್ಬುತ್ತದೆ. ಗೋಡೆಯಿಂದ ಒಂದಿಷ್ಟು ಈಚೆಗೆ ಸರಿಸಿದರೆ ಇಳಿಯುತ್ತದೆ. ಗಾರೆಯ ಗೋಡೆ, ಹಾಸುಗಲ್ಲಿನ ನೆಲಗಳಿಂದ ತಾರಧ್ವನಿ ಪುಟಿಯುತ್ತದೆ; ಜನರ ಉಡುಪುಗಳು ಅದನ್ನು ಹೀರುತ್ತವೆ. ಬರಿದಾದ ಮಂದಿರದಲ್ಲಿ ಶನಿವಾರ ಹೊಂದಿಸಿದ ಸಮಕಾರಿಯು ಜನ ತುಂಬಿದ ಭಾನುವಾರಕ್ಕೆ ಒಪ್ಪದೆ ಹೋಗುವುದು ಈ ಕಾರಣದಿಂದ. ಧ್ವನಿಯ ಮಟ್ಟವೂ ಕಿವಿಯ ತೀರ್ಪನ್ನು ಬದಲಿಸುತ್ತದೆ. ಮೆಲ್ಲನೆಯ ಧ್ವನಿಯಲ್ಲಿ ಕಿವಿಗೆ ಮಂದ್ರವು ಬಹಳ ಕಡಿಮೆಯಾಗಿ ಕೇಳುತ್ತದೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ ೧೯೩೩ರಲ್ಲಿ ಅಳೆದು ತೋರಿಸಿದರು. ರಾತ್ರಿ ಮನೆಯಲ್ಲಿ ಮೆಲ್ಲಗೆ ನುಡಿಸುತ್ತ ಮಂದ್ರವನ್ನು ಎತ್ತಿಟ್ಟವನಿಗೆ ಮರುದಿನ ವೇದಿಕೆಯಲ್ಲಿ ಅದು ಅತಿಯಾಗುತ್ತದೆ. ನುಡಿಸುವ ಮಟ್ಟದಲ್ಲಿಯೇ ಹೊಂದಿಸತಕ್ಕದ್ದು.

ಹೊಂದಿಸುವ ಕ್ರಮ

ಮೊದಲು ಎಲ್ಲ ಗುಂಡಿಗಳನ್ನೂ ಸೊನ್ನೆಗೆ ತನ್ನಿ. ಹಾಡಿಗೆ ಒಪ್ಪುವ ನಾದವನ್ನು ಕೀಬೋರ್ಡಿನಲ್ಲಿ ಆರಿಸಿ. ಧ್ವನಿವರ್ಧಕದ ಸ್ಥಾನವನ್ನು ಸರಿಪಡಿಸಿ. ಅರ್ಧ ತೊಂದರೆ ಇಷ್ಟರಲ್ಲಿಯೇ ಪರಿಹಾರವಾಗುವುದುಂಟು. 

ಎರಡನೆಯದಾಗಿ, ಒಟ್ಟು ಧ್ವನಿಯನ್ನು ಇಳಿಸಿಕೊಂಡು ಒಂದು ಪಟ್ಟೆಯನ್ನು ೬ ಡೆಸಿಬೆಲ್ ಎತ್ತಿ, ಸ್ವರಮೇಳವೊಂದನ್ನು ನುಡಿಸುತ್ತ ಅದನ್ನು ೧೫೦ರಿಂದ ೫,೦೦೦ ಹರ್ಟ್ಸಿನವರೆಗೆ ನಿಧಾನವಾಗಿ ಸರಿಸಿ. ಮೊದಲೇ ನಮಗೆ ಅಹಿತವಾಗಿ ತೋರಿದ್ದ ದೋಷ ಎಲ್ಲಿ ಎದ್ದು ಕಾಣುತ್ತದೆಯೋ ಅಲ್ಲಿ ನಿಲ್ಲಿಸಿ, ಎತ್ತಿದ್ದನ್ನು ಇಳಿಸಿ ೩ ಡೆಸಿಬೆಲ್ ತಗ್ಗಿಸಿ. ಗ್ರಾಫಿಕ್ ಸಮಕಾರಿಯಾದರೆ ಗುಂಡಿಗಳನ್ನು ಒಂದೊಂದಾಗಿ ಎತ್ತಿ ಪರೀಕ್ಷಿಸಿ. 

ಮೂರನೆಯದಾಗಿ, ಹಾಡುವವರನ್ನು ಕರೆದು ಅವರ ಜೊತೆಯಲ್ಲಿ ಕೇಳಿ. ಒಂಟಿಯಾಗಿ ಸೊಗಸಾದ ನಾದವು ಮೇಳದಲ್ಲಿ ಸೊಗಸಾಗಿರಬೇಕೆಂಬ ನಿಯಮವಿಲ್ಲ. 

ನಾಲ್ಕನೆಯದಾಗಿ, ಸಮಕಾರಿಯನ್ನು ಒಮ್ಮೆ ಬಿಟ್ಟು ಒಮ್ಮೆ ಸೇರಿಸಿ ಹೋಲಿಸಿ. ಎರಡರ ಪ್ರಬಲತೆಯೂ ಒಂದೇ ಆಗಿರಲಿ. ತುಸು ದೊಡ್ಡದಾದುದೆಲ್ಲ ಒಳ್ಳೆಯದೆಂದು ಕಿವಿ ಮೋಸಹೋಗುತ್ತದೆ. 

ಕಡೆಗೆ, ಗೆಳೆಯನೊಬ್ಬನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, ಅವನಿಗೆ ಪರಿಚಯವಿಲ್ಲದ ಹಾಡಿನ ಪದಗಳನ್ನು ಬರೆದುಕೊಳ್ಳಲು ಹೇಳಿ. ಅವನು ತಪ್ಪಿದ ಪದಗಳ ಸಂಖ್ಯೆಯು ನಿಮ್ಮ ಹೊಂದಾಣಿಕೆಗೆ ಒಳ್ಳೆಯ ಅಳತೆ.

ಎರಡು ಪ್ರಯೋಗಗಳು

೧. ಮೊಬೈಲ್ ಫೋನಿನಲ್ಲಿ ಕಂಪನಾಂಕಗಳ ನಕ್ಷೆಯನ್ನು ತೋರಿಸುವ ಉಚಿತ ಸಾಧನಗಳು ದೊರೆಯುತ್ತವೆ. ನಡುವಿನ ‘ಸಿ’ ಕೀಲಿಯನ್ನು ಮೊದಲು ಕೊಳಲಿನ ನಾದದಲ್ಲಿ, ಆಮೇಲೆ ಆರ್ಗನ್ ನಾದದಲ್ಲಿ ಒತ್ತಿ ಶಿಖರಗಳನ್ನು ಎಣಿಸಿ. ಆಮೇಲೆ ತಾರದ ತಿರುಪನ್ನು ತಗ್ಗಿಸಿ ನೋಡಿ. ಶಿಖರಗಳ ಎತ್ತರ ಬದಲಾಗುವುದು. ಅವುಗಳ ಸ್ಥಾನ ಬದಲಾಗದು, ಹೊಸ ಶಿಖರವೂ ಹುಟ್ಟದು.

೨. ದೊಡ್ಡ ಧ್ವನಿವರ್ಧಕವಿರುವ ಕೋಣೆಯ ಉದ್ದವನ್ನು ಮೀಟರುಗಳಲ್ಲಿ ಅಳೆದು, ೩೪೬ನ್ನು ಆ ಉದ್ದದಿಂದ ಭಾಗಿಸಿ. ಬಂದ ಕಂಪನಾಂಕಕ್ಕೆ ಸಮೀಪವಾದ ಕೀಲಿಯನ್ನು ಆರ್ಗನ್ ನಾದದಲ್ಲಿ ಒತ್ತಿಹಿಡಿಯುವಂತೆ ಗೆಳೆಯನಿಗೆ ಹೇಳಿ, ಒಂದು ಗೋಡೆಯಿಂದ ಎದುರು ಗೋಡೆಗೆ ನಡೆಯಿರಿ. ಗೋಡೆಗಳ ಬಳಿಯಲ್ಲಿಯೂ ಕೋಣೆಯ ನಡುವೆಯೂ ಧ್ವನಿ ದೊಡ್ಡದಾಗಿ, ಕಾಲುಭಾಗ ಮತ್ತು ಮುಕ್ಕಾಲುಭಾಗಗಳಲ್ಲಿ ಕುಗ್ಗಿರುವುದನ್ನು ಗಮನಿಸಿ. ಸ್ಥಾನಗಳನ್ನು ಸೀಮೆಸುಣ್ಣದಿಂದ ಗುರುತಿಸಿ ಕಾಗದದ ಮೇಲೆ ನಕ್ಷೆ ಬರೆಯಿರಿ. ಮುಂದಿನ ಕಾರ್ಯಕ್ರಮದಲ್ಲಿ ಧ್ವನಿವರ್ಧಕವನ್ನೂ ಹಿರಿಯರ ಕುರ್ಚಿಗಳನ್ನೂ ಎಲ್ಲಿಡಬೇಕೆಂಬುದಕ್ಕೆ ಈ ನಕ್ಷೆ ಉಪಯುಕ್ತವಾಗುತ್ತದೆ.